ಸುರಗಿಹಾಳದ ಒಂಟಿ ಕಾರು

ಡಂಗುರದವನು ಸುರಗಿಹಾಳದ ಕೋಟೆ ಬಾಗಿಲಲ್ಲಿ ನಿಂತು ಸಾರಿದ: "ಕೇಳ್ರಪ್ಪೋ ಕೇಳ್ರಿ! ಕಳುವಾಗಿದ್ದ ಅರಮನೆ ಕಾರು ಮರಳಿ ಬಂದೈತಿ. ಅದರ ಚರಿತ್ರೆ ಬಲ್ಲವರು ಸಭೆಗೆ ಬರ್ರಿ. ರಾಣಿ ನೀಲಮ್ಮಾಜಿಯವರು ಮೂರು ಒಗಟು ಕೇಳ್ತಾರ. ಮೂರನ್ನೂ ಬಿಡಿಸಿದವರಿಗೆ ಬೇಡಿದ್ದು ಸಿಗತೈತಿ. ಒಂದು ತಪ್ಪಿದರೂ ತಲೆ ಹೋಗತೈತಿ!"

ಬೇಡಿದ್ದು ಸಿಗುತ್ತದೆ ಅಂದರೆ ರಾಣಿಯೇ ಸಿಗುತ್ತಾಳೆ ಅಂತ ಗಂಡಸರು ತಾವೇ ಅರ್ಥ ಮಾಡಿಕೊಂಡರು, ಪಾಪ.

ಆ ಕಾರಿನಂಥದ್ದು ಲೋಕದಲ್ಲಿ ಇನ್ನೊಂದಿಲ್ಲ ನೋಡಿ. ರಾಣಿಯ ತಂದೆ ದೊಡ್ಡ ದೊರೆ ಹಡಗು ಹತ್ತಿ ಇಟಲಿಗೆ ಹೋಗಿ, ಮುದಿ ಕುಶಲಿಗನೊಬ್ಬನ ಪಕ್ಕ ಕೂತು ತನಗೆ ಬೇಕಾದ ಹಾಗೆ ಮಾಡಿಸಿದ್ದ. ಉದ್ದ ಮೂತಿ, ಎರಡೇ ಸೀಟು, ನೇರಳೆ ಬಣ್ಣ. ನಡೆಸುತ್ತಿದ್ದವರು ದೊರೆ ಮತ್ತು ಡ್ರೈವರ್ ದಸ್ತಗೀರ, ಇಬ್ಬರೇ. ದೊರೆ ತೀರಿಕೊಂಡ ವಾರದಲ್ಲೇ ಕಾರು ಮಾಯವಾಯಿತು. ಇನ್ಯಾರನ್ನು ಹಿಡಿಯುತ್ತಾರೆ? ದಸ್ತಗೀರನನ್ನು ಬಂದೀಖಾನೆಗೆ ತಳ್ಳಿದರು. ರಾಣಿ ಆಗಿನ್ನೂ ಸಣ್ಣ ಹುಡುಗಿ.

ಈಗ ಬೆಳೆದಿದ್ದಾಳೆ, ಯಾರನ್ನೂ ನಂಬುವುದಿಲ್ಲ. ಬೆಕ್ಕು ಹಾಲು ಕುಡಿದು ಬದುಕಿದ ಮೇಲೆ ತಾನು ಕುಡಿಯುವವಳು. ಅಂಥವಳ ಮುಂದೆ, ಊರೆಲ್ಲ ನೋಡುತ್ತಿದ್ದಂತೆ, ಸೋದರಮಾವ ಸಂಗಪ್ಪ ದೇಸಾಯಿ ಕಾರು ತಂದು ನಿಲ್ಲಿಸಿದ.

"ಗುಡ್ಡದ ಗವಿಯೊಳಗ ಮೂತಿ ಗೋಡೆಗೆ ಹಚ್ಚಿ ನಿಂತಿತ್ತು. ಆ ಕಳ್ಳ ದಸ್ತಗೀರನದೇ ಕೆಲಸ. ನಾನೊಬ್ಬನೇ ಕುಂತು ನಡೆಸಿಕೊಂಡು ಬಂದೆ. ಇನ್ನು ಅವನನ್ನ ಗಲ್ಲಿಗೆ ಹಾಕು, ನನ್ನ ಕೈ ಹಿಡಿ" ಅಂದ. ಸೋದರಮಾವನ ಹಕ್ಕಲ್ಲವೇ, ನಾಚಿಕೆಯಿಲ್ಲದೆ ಕೇಳಿದ. ರಾಣಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಡಂಗುರ ಹೊಡೆಸಿದಳು.

ಸಭೆ ಕಿಕ್ಕಿರಿಯಿತು. "ಗಾಳಿಗಿಂತ ಮುಂದೆ ಓಡೋ ಈ ಕಾರಿಗೆ ಒಂದು ಹೆಜ್ಜೆ ಮಾತ್ರ ಇಡಲಿಕ್ಕೆ ಬರೋದಿಲ್ಲ. ಯಾವ ಹೆಜ್ಜೆ?" ಅಂತ ರಾಣಿ ಕೇಳಿದಳು.

ಹರತಾಳದ ಯುವರಾಜ ಮೀಸೆ ತಿರುವಿ, "ಮೆಟ್ಟಿಲು ಹತ್ತೋ ಹೆಜ್ಜೆ" ಅಂದ. "ಒಳಗ ಹಾಕ್ರಿ" ಅಂದಳು. ಪೇಟೆಯಿಂದ ಬಂದ ಕಾರಿನ ವ್ಯಾಪಾರಿ, "ನೀರಿನ ಮೇಲಿನ ಹೆಜ್ಜೆ" ಅಂದ. ಅವನೂ ಒಳಗೆ. ಉಳಿದವರಿಗೆ ಅಷ್ಟೊತ್ತಿಗೆ ಮನೆಯ ಕೆಲಸಗಳೆಲ್ಲ ನೆನಪಾದವು. ದೇಸಾಯಿ ಮುಸಿಮುಸಿ ನಗುತ್ತಿದ್ದ.

ಆಗ ಮುಂದೆ ಬಂದವನು ಕೋಟೆ ಬಾಗಿಲಲ್ಲಿ ಕಡಲೆಕಾಯಿ ಮಾರುವ ಮೌಲಾಲಿ, ದಸ್ತಗೀರನ ಮಗ. ರಾಣಿ ಕಣ್ಣು ಕಿರಿದು ಮಾಡಿದಳು. "ಯಾರು ಕಳಿಸಿದರು ನಿನ್ನ?"

"ನಮ್ಮಪ್ಪನ ನೇಣು ಕಳಿಸೈತ್ರಿ ತಾಯಿ. ನಿಮ್ಮ ಒಗಟಿಗೆ ಉತ್ತರ, ಹಿಂದಕ್ಕಿಡೋ ಹೆಜ್ಜೆ."

"ಹೆಂಗ ಹೇಳ್ತಿ?"

"ದೊರೆಗಳು ಕಾರಿನ ಮನೆಗೆ ಎರಡೂ ಕಡೆ ಬಾಗಿಲು ಇಡಿಸಿದ್ದರು. ಈ ಬಾಗಿಲಲ್ಲಿ ಒಳಗ, ಆ ಬಾಗಿಲಲ್ಲಿ ಹೊರಗ. ಒಮ್ಮೆ ಓಣಿಯೊಳಗ ಎಮ್ಮೆ ಅಡ್ಡ ಬಂತು. ನಮ್ಮಪ್ಪ ಕಾರು ಹಿಂದಕ್ಕ ತಗೊಳ್ಳಲಿಲ್ಲ, ಇಳಿದು ಎಮ್ಮೆಗೇ ಕೈ ಮುಗಿದ! ಹಿಂದೆ ಸರಿಯೋ ಗೇರು ಅದರೊಳಗ ಇಟ್ಟೇ ಇಲ್ಲ ಅಂತ ನನ್ನ ಗುಮಾನಿ. ಮಾಡಿಸಿದ ದೊರೆಗಳೂ ಹಿಂದೆ ಸರಿಯೋ ಪೈಕಿ ಅಲ್ಲವಲ್ರಿ."

ಸಭೆ ಗುಸುಗುಸು ಅಂದಿತು. ರಾಣಿ ನಗಲಿಲ್ಲ. "ಎರಡನೇದು. ಗೋಡೆಗೆ ಮೂತಿ ಹಚ್ಚಿ ನಿಂತ ಕಾರನ್ನ ಒಬ್ಬನೇ ಕುಂತು ಹೊರಗ ತಂದ. ಅವನ ಜೊತೆಗೆ ಇದ್ದದ್ದು ಏನು?"

ಮೌಲಾಲಿ ದೇಸಾಯಿಯ ಕಡೆ ನೋಡಿದ. ಅಂದುಬಿಟ್ಟ: "ಸುಳ್ಳು. ಒಬ್ಬನೇ ಇದ್ದಿದ್ದರ ಕಾರು ಇನ್ನೂ ಗವಿಯೊಳಗೇ ಇರತಿತ್ತು."

"ಮೂರನೇದು. ಕದ್ದದ್ದನ್ನ ತಾನೇ ತಂದು ಒಪ್ಪಿಸೋ ಕಳ್ಳ ಯಾರು?"

"ಲೋಕದಾಗ ಒಂದೇ ಇರೋ ಮಾಲು ಕದ್ದವನು ತಾಯಿ. ಹತ್ತಿ ತಿರುಗಿದರ ಕೂಸೂ ಗುರುತು ಹಿಡೀತದ. ಮಾರಲಿಕ್ಕೆ ಹೋದರ ಕೊಳ್ಳೋ ಧೈರ್ಯ ಯಾರಿಗೂ ಇಲ್ಲ. ಕಡೆಗೆ ಉಳಿಯೋದು ಒಂದೇ ದಾರಿ. ನನಗ ಸಿಕ್ಕಿತು ಅಂತ ತಂದು ಬಹುಮಾನ ಕೇಳೋದು."

"ಕಡಲೆಕಾಯಿ ಮಾರೋನ ಮಾತು ಕೇಳಿಕೊಂಡು ಮಾವನ ಮಾನ ಕಳೀತಿಯೇನ?" ದೇಸಾಯಿ ಕೂಗಾಡಿದ.

"ಛೇ, ಹಂಗಲ್ಲ ಮಾವ. ಕಾರು ಅಂಗಳದಾಗ ಗೋಡೆಗೆ ಮೂತಿ ಹಚ್ಚಿ ನಿಂತದ. ಗವಿಯೊಳಗಿಂದ ತಂದಂಗ ಒಬ್ಬರೇ ಕುಂತು ಹೊರಗ ತಗೀರಿ, ನೋಡೋಣ."

ದೇಸಾಯಿ ಕೂತ. ಇದ್ದ ಹಿಡಿಕೆಯೆಲ್ಲ ಎಳೆದ. ಕಾರು ಗುರ್ ಅಂದು ಗೋಡೆಗೆ ಗುದ್ದಿತೇ ಹೊರತು ಒಂದು ಗೇಣೂ ಹಿಂದೆ ಬರಲಿಲ್ಲ. ಅವನ ಆಳುಮಗನೊಬ್ಬ ಅಷ್ಟು ನೋಡಿದ್ದೇ ರಾಣಿಯ ಕಾಲಿಗೆ ಬಿದ್ದ. ಕದ್ದ ದಿನ ಎತ್ತು ಹೂಡಿ ಎಳೆದಿದ್ದು, ಇಷ್ಟು ವರ್ಷ ದೇಸಾಯಿಯ ಬಣವೆಯೊಳಗೆ ಮುಚ್ಚಿಟ್ಟಿದ್ದು ಎಲ್ಲ ಹೊರಬಿತ್ತು. ದೇಸಾಯಿ ಕಾರು ನಡೆಸಿದ್ದು ಆ ಬಣವೆಯಿಂದ ಅರಮನೆಗೆ, ಒಮ್ಮೆ ಮಾತ್ರ, ನೆಟ್ಟಗೆ ಮುಂದಕ್ಕೆ.

"ನಾನೂ ಕುಂತು ನೋಡಿದ್ದೆ, ಹಿಂದಕ್ಕ ಬರಲಿಲ್ಲ" ಅಂದಳು ರಾಣಿ ಸಭೆಗೆ. "ನಾನೇ ಹೇಳಿದ್ದರ, ಹುಡುಗಿ ಮದುವೆ ತಪ್ಪಿಸಲಿಕ್ಕೆ ಆಟ ಹೂಡ್ಯಾಳ ಅಂತಿದ್ದಿರಿ. ಬ್ಯಾರೆ ಬಾಯಿಂದ ಬರಲಿ ಅಂತ ಒಗಟು ಮಾಡಿದೆ." ಆಮೇಲೆ ಮೌಲಾಲಿಯ ಕಡೆ ತಿರುಗಿ, "ಬೇಡು" ಅಂದಳು.

"ನಮ್ಮಪ್ಪನ್ನ ಬಿಡ್ರಿ."

"ಅಷ್ಟೇ?" ಅವಳಿಗೆ ಅದರಲ್ಲೂ ಅನುಮಾನ.

"ಅಷ್ಟೇರಿ ತಾಯಿ."

ದೇಸಾಯಿ ಬಂದೀಖಾನೆ ಸೇರಿದ. ಯುವರಾಜ, ವ್ಯಾಪಾರಿ ಇಬ್ಬರ ತಲೆ ಉಳಿಯಿತು, ಮೀಸೆ ಉಳಿಯಲಿಲ್ಲ. ರಾಣಿ ತಾನೇ ಬಂದೀಖಾನೆಗೆ ನಡೆದು ಹೋಗಿ ಬೀಗ ತೆಗೆಸಿದಳು. ದಸ್ತಗೀರ ಬಿಸಿಲಿಗೆ ಕಣ್ಣು ಮುಚ್ಚಿಕೊಂಡು ಬಾಗಿಲಲ್ಲೇ ನಿಂತ, ಹೊರಗೆ ಕಾಲಿಡಲಿಲ್ಲ. "ಇದು ಯಾರ ಆಟ?" ಅಂದ.

"ಅಪ್ಪಾ, ನಾನು ಮೌಲಾಲಿ."

"ನನ್ನ ಮಗ ಇಷ್ಟು ಎತ್ತರ ಇಲ್ಲ." ಮುದುಕ ಕೈ ಚಾಚಿ ಅವನ ಮುಖ ಮುಟ್ಟಿದ, ಗಲ್ಲ ಮುಟ್ಟಿದ, ಕಿವಿ ಮುಟ್ಟಿದ. ಆಮೇಲೆ ಜೋರಾಗಿ ಅತ್ತ. ರಾಣಿ "ಮನೆ ಕೊಟ್ಟೆ, ಹೊಲ ಕೊಟ್ಟೆ, ತಪ್ಪಾಯಿತು" ಅಂತ ಹೇಳುತ್ತಲೇ ಇದ್ದಳು. ಅವನ ಕಿವಿಗೆ ಬೀಳಲಿಲ್ಲ. ಮಗನ ಹಿಂದೆ, ಬಾಗಿಲಾಚೆ, ಯಾರನ್ನೋ ಹುಡುಕುತ್ತಿದ್ದ.

"ನಿಮ್ಮಮ್ಮಿ ಎಲ್ಲಿ? ಯಾಕ ಬಂದಿಲ್ಲ?"

ರಾಣಿಯ ಮೂರಕ್ಕೂ ಪಟಪಟ ಉತ್ತರ ಕೊಟ್ಟ ಹುಡುಗ ಇದೊಂದಕ್ಕೆ ತಲೆ ತಗ್ಗಿಸಿದ. ಅಮ್ಮಿ ಹೋದ ಬೇಸಿಗೆಯಲ್ಲೇ ತೀರಿಕೊಂಡಿದ್ದಳು.