ಉಗುರು ತಡೆಯದ ಗೇರು

ಕೇಳಿ ಸ್ವಾಮಿ, ಹರಿಹರದ ಕಡೆ ಹಾಲಮ್ಮ ಅಂತ ಒಬ್ಬ ತಾಯಿ. ಅವಳಿಗೆ ತಿಪ್ಪೇಶಿ ಅಂತ ಒಬ್ಬನೇ ಮಗ. ಆರಡಿ ಆಳು, ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪುಣ್ಯಾತ್ಮ! ಅದೇ ಅವಳ ಕಷ್ಟ. ಆಗಲೇ ಆರು ಕಡೆ ಕೆಲಸ ಕಳಕೊಂಡಿದ್ದ.

"ಇದು ಏಳನೇದು ಕಣೋ! ಇದೂ ಹೋದ್ರೆ ನಿನ್ನ ಸೋದರಮಾವ ಮಗಳನ್ನ ಕೊಡಲ್ಲ ಅಂದಾನೆ. ಮೇಸ್ತ್ರಿ ಹೇಳಿದಂಗೆ ಮಾಡಪ್ಪಾ!"

"ಆಯ್ತವ್ವಾ!" ಅಂದ, ಹೊರಟೇಬಿಟ್ಟ.

ಅದು ಗೇರು, ಅಂದ್ರೆ ಯಂತ್ರದ ಹಲ್ಲುಗಾಲಿ, ಉಜ್ಜುವ ಕಾರ್ಖಾನೆ. ಅಲ್ಲೊಂದು ಚಕ್ರ ಇತ್ತು ನೋಡಿ, ಆಹಾ! ವಜ್ರ ಒಂದು ಬಿಟ್ಟರೆ ಅಷ್ಟು ಗಟ್ಟಿ ಇನ್ನೊಂದಿಲ್ಲ, ಅಂಥ ಹರಳಿನ ಸಣ್ಣ ಕಾಳು ಮೆತ್ತಿದ ಚಕ್ರ! ಗಿರ್ರಂತ ತಿರುಗಿ ಗೇರಿನ ಹಲ್ಲನ್ನು ಕನ್ನಡಿ ಮಾಡಿಬಿಡುತ್ತೆ. ವೃಷಭೇಂದ್ರಪ್ಪ ಮೇಸ್ತ್ರಿ "ಉಜ್ಜು" ಅಂದ್ರು. ಉಜ್ಜಿದ. ಎಣ್ಣೆ ಬಿಡು ಅನ್ನಲಿಲ್ಲ, ಬಿಡಲಿಲ್ಲ! ಹಲ್ಲೆಲ್ಲ ಸುಟ್ಟು ನೀಲಿ!

"ಲೇ ಮಂಕೇ! ಮೊದಲು ಎಣ್ಣೆ ಸುರೀಬೇಕು, ಪೂರಾ ತೊಯ್ಯೋ ಹಂಗೆ!"

"ಆಯ್ತು ಮೇಸ್ತ್ರಿ!"

ಮಾರನೇ ದಿನ ಅಳತೆ ಬರೆದ ಚೀಟಿಯನ್ನು ಸಾಹೇಬರಿಗೆ ಕೊಟ್ಟು ಬಾ ಅಂದ್ರು. ಮೊದಲು ಎಣ್ಣೆ ಸುರಿದ, ಪೂರಾ ತೊಯ್ಯಿಸಿದ, ಆಮೇಲೆ ಕೊಟ್ಟ!

"ಅಯ್ಯೋ ನನ್ನ ಕರ್ಮವೇ! ಕೈಯಿಂದ ಕೈಗೆ ಕೊಡೋದನ್ನ ಬಟ್ಟೇಲಿ ಒರೆಸಿ ಕೊಡಬೇಕು. ಒಂದು ಹನಿ ಉಳೀಬಾರದು!"

"ಆಯ್ತು ಮೇಸ್ತ್ರಿ!"

ಸಂಜೆ ಮೇಸ್ತ್ರಿ ಟೀ ತರಿಸಿದ್ರು. ತಿಪ್ಪೇಶಿ ಬಟ್ಟೆ ಅದ್ದಿದ, ಹಿಂಡಿದ, ಒರೆಸಿದ, ಬರೀ ಲೋಟ ಕೈಗಿಟ್ಟ. "ಒಂದು ಹನಿ ಉಳಿದಿಲ್ಲ, ನೋಡ್ಕೊಳ್ಳಿ!"

ಮೇಸ್ತ್ರಿ ತಲೆ ತಲೆ ಚಚ್ಚಿಕೊಂಡ್ರು. "ನಾಳೆ ಗಿರಾಕಿ ಬರ್ತಾರೆ. ಒಂದು ಗೇರು ಸರಿಯಾಗಿ ಮಾಡು, ಕೆಲಸ ಕಾಯಂ. ಕೆಟ್ಟಿತೋ, ಮನೆಗೆ ನಡಿ! ಉಜ್ಜಿದ ಮೇಲೆ ಉಗುರು ಆಡಿಸಿ ನೋಡು. ಎಲ್ಲೂ ತಡೀಬಾರದು. ತಡೀತು ಅಂದ್ರೆ ಇನ್ನಷ್ಟು ಉಜ್ಜು!"

"ಆಯ್ತು ಮೇಸ್ತ್ರಿ!"

ಮಾರನೇ ದಿನ ಎಣ್ಣೆ ಬಿಟ್ಟ, ಉಜ್ಜಿದ, ಒರೆಸಿದ. ಎಲ್ಲಾ ಸರಿ! ಉಗುರು ಇಟ್ಟು ಗೇರಿನ ಸುತ್ತ ಎಳೆದ. ಟಕ್! ತಡೀತು. ಉಜ್ಜಿದ. ಮತ್ತೆ ಟಕ್! ಮತ್ತೆ ಉಜ್ಜಿದ. ಊಟಕ್ಕೂ ಏಳಲಿಲ್ಲ, ಬೆವರು ಒರೆಸಲಿಲ್ಲ, ಉಜ್ಜಿದ, ಉಜ್ಜಿದ, ಉಜ್ಜಿದ!

ಮಧ್ಯಾಹ್ನ ಗಿರಾಕಿ ಬಂದ್ರು. ಹಾಲಮ್ಮನೂ ತಡೆಯಲಾರದೆ ಮಂಡಕ್ಕಿ ಕಟ್ಟಿಕೊಂಡು ಓಡಿ ಬಂದಳು. ಮೇಸ್ತ್ರಿ ಗೇರು ನೋಡಿದವರೇ ನೆಲದ ಮೇಲೆ ಕೂತುಬಿಟ್ಟರು. ಹೊಳೀತಿತ್ತು ಸ್ವಾಮಿ, ಬೆಳ್ಳಿ ತಟ್ಟೆ ಹೊಳೆದ ಹಾಗೆ! ದುಂಡಗೆ, ನುಣ್ಣಗೆ!

"ಕೆಲಸ ಉಳೀತೇನೋ ಮಗನೇ?" ಅಂದಳು ತಾಯಿ.

"ಉಳೀದೆ ಏನವ್ವಾ! ಮೂವತ್ತಾರು ಹಲ್ಲು ಇದ್ವು, ಮೂವತ್ತಾರು ಕಡೆ ಉಗುರು ತಡೀತಿತ್ತು. ಒಂದನ್ನೂ ಬಿಟ್ಟಿಲ್ಲ!"