ಸ್ಟೀಲ್ ಬಕೆಟ್ಟಿನ ಲಕ್ಕಿ ಡಿಪ್

ಪ್ರಾಣಿಗಳ ಸಂಘದ ಅಧ್ಯಕ್ಷ ಕೋಣರಾಯರಿಗೆ ಇದ್ದದ್ದು ಒಂದೇ ಆಸೆ: ತಮ್ಮ ವಾರ್ಷಿಕ ಭಾಷಣವನ್ನು ಸಭೆ ಒಮ್ಮೆಯಾದರೂ ಪೂರ್ತಿ ಕೇಳಬೇಕು. ಪ್ರತಿ ವರ್ಷವೂ ಸಭಿಕರು ಉಪಾಹಾರ ಮುಗಿಸಿ ಜಾಗ ಖಾಲಿ ಮಾಡುತ್ತಿದ್ದರು.

"ಭಾಷಣದ ನಂತರ ಲಕ್ಕಿ ಡಿಪ್ ಇಡೋಣ, ಸ್ವಾಮಿ. ಮಧ್ಯೆ ಎದ್ದು ಹೋದವರಿಗೆ ಬಹುಮಾನವಿಲ್ಲ," ಎಂದಿತು ಕಾರ್ಯದರ್ಶಿ ನರಿ.

ಹಲಸಿನ ಎಲೆಗಳ ಮೇಲೆ ಎಲ್ಲರ ಹೆಸರು ಬರೆದು ಬುಟ್ಟಿಗೆ ಹಾಕಿದರು. ಎಲೆ ಎತ್ತಲು, ಯಾವ ಪಕ್ಷಕ್ಕೂ ಸೇರದ ಮೇಕೆಯನ್ನು ವೇದಿಕೆಯ ಮೇಲೆ ಬುಟ್ಟಿಯ ಪಕ್ಕದಲ್ಲಿ ಕೂರಿಸಿದರು. ಬಹುಮಾನ ಒಂದು ಸ್ಟೀಲ್ ಬಕೆಟ್. ಅದಕ್ಕಾಗಿ, ಕಾವಿಗೆ ಕೂತಿದ್ದ ಕೋಳಿಯೂ ಮೊಟ್ಟೆ ಬಿಟ್ಟು ಬಂದು ಎರಡು ಗಂಟೆ ಭಾಷಣ ಕೇಳಿತು. ಒಬ್ಬರೂ ಏಳಲಿಲ್ಲ. ಕೋಣರಾಯರ ಕಣ್ಣು ತುಂಬಿ ಬಂತು.

ಕೊನೆಗೆ ನೋಡಿದರೆ ಬುಟ್ಟಿ ಖಾಲಿ.

"ಯಾರ ಹೆಸರು ಬಂತಮ್ಮಾ?" ಎಂದು ನರಿ ಕೇಳಿತು.

"ಎಲ್ಲರ ಹೆಸರೂ ಚೆನ್ನಾಗಿತ್ತು," ಎಂದು ಮೇಕೆ ಬಾಯಿ ಒರೆಸಿಕೊಂಡಿತು.

"ಮೊಟ್ಟೆ ಹೇಗೂ ತಣ್ಣಗಾಗಿದೆ, ಬಕೆಟ್ಟಾದರೂ ಸಿಗಲಿ! ಬೇರೆ ಎಲೆ ಬರೀರಿ!" ಎಂದು ಕೋಳಿ ಕೂಗಿತು. ಇಡೀ ಸಭೆ ಅದಕ್ಕೆ ದನಿಗೂಡಿಸಿತು. ಮನೆಗೆ ಹೋಗುವ ಮಾತನ್ನು ಯಾರೂ ಆಡಲಿಲ್ಲ.

ಕೋಣರಾಯರು ಗಂಭೀರವಾಗಿ ತಲೆದೂಗಿ, ಹೊಸ ಬುಟ್ಟಿಯನ್ನೂ ಮೇಕೆಯ ಮುಂದೆಯೇ ಇಡಿಸಿದರು. ಆಮೇಲೆ ಭಾಷಣದ ಎರಡನೆಯ ಭಾಗ ಶುರುಮಾಡಿದರು.