ಬಿದಿರೇಣಿ ಅಜ್ಜಿ ಮತ್ತು ಕತ್ತರಿ ಲಿಫ್ಟು

ಒಂದು ಕಲ್ಯಾಣ ಮಂಟಪದಲ್ಲಿ ಬಿದಿರೇಣಿ ಅಜ್ಜಿ ಇದ್ಲು. ಎಷ್ಟು ಉದ್ದ ಅಂದ್ರೆ, ಅವಳನ್ನ ಮೊದಲು ಮಲಗಿಸಿ, ಆಮೇಲೆ ಸುತ್ತ ಗೋಡೆ ಕಟ್ಟಿದ್ರು. ಒಂದಿನ ಚಾವಣಿಯ ನಟ್ಟನಡುವಿನ ದೀಪ ಕೆಟ್ಟೋಯ್ತು. ಅಲ್ಲಿ ಏಣಿ ಒರಗಿಸೋಕೆ ಗೋಡೆ ಇಲ್ಲ. ಹೋದ ವರ್ಷ ಹತ್ತು ಜನ ಏಣಿ ಹಿಡಿದಿದ್ರೂ ಲೈಟ್ ರಿಪೇರಿ ಫಕೀರಪ್ಪ ಬಿದ್ದು ಕಾಲು ಮುರ್ಕೊಂಡಿದ್ದ. ಅದಕ್ಕೇ ಈ ಸಲ ಆಳನ್ನ ಮೇಲೆತ್ತೋ ಚಕ್ರದ ಯಂತ್ರ, ಕತ್ತರಿ ಲಿಫ್ಟ್ ತರಿಸಿದ.

ಮಂಚದಷ್ಟೇ ಎತ್ತರ ಇದ್ದ ಅದನ್ನ ನೋಡಿ ಏಣಿ ನಕ್ಲು. "ಏನೋ ಕುಳ್ಳ, ನೀನಾ ಚಾವಣಿ ಮುಟ್ಟೋನು?"

"ನೋಡೋಣ ಅಜ್ಜಿ," ಅಂತು ಲಿಫ್ಟು.

ಫಕೀರಪ್ಪ ಹತ್ತಿ ಗುಂಡಿ ಒತ್ತಿದ. ಲಿಫ್ಟು ಕುಯ್ಯೋ ಅಂತ ಕೂಗಿತೇ ಹೊರತು ಮೇಲೇಳಲಿಲ್ಲ.

"ಹೆದರಿದ್ಯೇನೋ, ಪುಕ್ಕಲ?"

"ಹೂಂ ಅಜ್ಜಿ. ಒಂದು ಚಕ್ರದಡಿ ಇಟ್ಟಿಗೆ ಚೂರಿದೆ. ಕಾಲ ಕೆಳಗೆ ಸಮ ಇಲ್ದಿದ್ರೆ ನಾನು ಯಾರನ್ನೂ ಎತ್ತಲ್ಲ."

ಫಕೀರಪ್ಪ ಇಳಿದು ಚೂರು ತೆಗೆದ, ಮತ್ತೆ ಹತ್ತಿದ. ಗುಂಡಿ ಒತ್ತಿದ್ದೇ ತಡ, ಒಳಗಿನ ಎಣ್ಣೆಯ ಒತ್ತಡಕ್ಕೆ ಕತ್ತರಿ ಹಾಗೆ ಅಡ್ಡಡ್ಡ ಮಡಚಿದ್ದ ತೋಳೆಲ್ಲ ಬಿಚ್ಕೊಂಡು ಲಿಫ್ಟು ಅವನನ್ನ ನೆಟ್ಟಗೆ ಮೇಲಕ್ಕೆ ಒಯ್ತು. ಅವನು ಲಿಫ್ಟಿನ ಮೇಲಿನ ಕಟಕಟೆಯೊಳಗೆ ನಿಂತು ಎರಡೂ ಕೈಲಿ ಕೆಲಸ ಮಾಡಿದ. ನಡುವೆ ಎಲೆ ಅಡಿಕೆನೂ ಹಾಕ್ಕೊಂಡ.

"ನಿನ್ನನ್ನ ಯಾರು ಹಿಡ್ಕೊಂಡಿದಾರೋ?" ಏಣಿ ಬೆರಗಾಗಿ ಕೇಳಿದ್ಲು.

"ನನ್ನ ತೋಳುಗಳೇ ಒಂದನ್ನೊಂದು ಹಿಡ್ಕೊಂಡಿವೆ ಅಜ್ಜಿ."

ದೀಪ ಹತ್ತಿತು. ಲಿಫ್ಟು ಇಳಿದು ಮೊದಲಿನ ಹಾಗೇ ಕುಳ್ಳಗಾಯ್ತು.

"ಚಾವಣಿ ಮುಟ್ಟಿ ಬಂದೋನು, ಮತ್ಯಾಕೋ ಬಗ್ತೀಯ?"

"ಮುಂದಿನ ಕೆಲಸಕ್ಕೆ ಗೋದಾಮಿನವರು ಕರೆದಿದಾರೆ ಅಜ್ಜಿ, ಬಾಗಿಲು ದಾಟಬೇಕಲ್ಲ," ಅಂತ ಲಿಫ್ಟು ಉರುಳ್ಕೊಂಡು ಹೊರಟೇ ಹೋಯ್ತು.

ಏಣಿ ಅಜ್ಜಿ ಮಾತ್ರ ಇವತ್ತಿಗೂ ಆ ಬಾಗಿಲು ನೋಡ್ತಾ ಒಳಗೇ ಮಲಗಿದಾಳೆ.